ಹೋಲ್ಟ್ಸರ್ ಕಟ್ಟಿದ ದೋಣಿಸೇತುವೆ

"ನಿಮ್ಮ ಸೋದರಮಾವ ಹೆಣ್ಣು ಕೇಳಿ ಬರದ ಕಾಗದ ಧಾರವಾಡದಾಗ ಅಪ್ಪನ ಕೈ ಮುಟ್ಟ್ಯದ," ಎಂದಳು ಅನಸೂಯ, ತಲೆ ಎತ್ತದೆ. "ಅವರು ಜಾತಕಾನೂ ಕೇಳ್ಯಾರ. ನನ್ನ ಮದವಿ ನನಗೊಬ್ಬಾಕಿಗೇ ಗೊತ್ತಿಲ್ಲ ನೋಡ್ರಿ."

ತಿರುಮಲೇಶ ಟೋಪಿ ಹಿಡಿದು ನಿಂತೇ ಇದ್ದ. ಹಿರಿಯರ ಮೂಲಕ ಕೇಳಿಸುವುದೇ ಮರ್ಯಾದೆ ಎಂದು ನಂಬಿದ ಮೈಸೂರಿನ ಹುಡುಗ.

ಸಾವಿರದ ಒಂಬೈನೂರ ಅರವತ್ತೆಂಟನೇ ಇಸವಿ, ಜರ್ಮನಿಯ ರೇಗನ್ಸ್‌ಬರ್ಗ್‌ನ ಲೈಬ್ರರಿ. ಅವಳು ಪ್ರೊಫೆಸರೊಬ್ಬರಿಗಾಗಿ ಹೋಲ್ಟ್ಸರ್ ಎಂಬಾತನ ಹಳೆಯ ಕಾಗದಗಳನ್ನು ಓದಿ ಬರೆದಿಡುತ್ತಿದ್ದಳು. ನೂರು ವರ್ಷಕ್ಕೂ ಹಿಂದೆ ಇದೇ ಊರಿನಿಂದ ಅಮೆರಿಕಕ್ಕೆ ಹೋಗಿ ಶಾಸಕನಾದವನು; ಅಲ್ಲಿ ಅಂತರ್ಯುದ್ಧ ಬಂದಾಗ ದೋಣಿಗಳನ್ನು ಸಾಲಾಗಿ ಬಿಗಿದು, ಮೇಲೆ ಹಲಗೆ ಹಾಸಿ, ದಂಡನ್ನು ಹೊಳೆ ದಾಟಿಸಿದ ಇಂಜಿನಿಯರು. ಅವಳಿಗೆ ತಿಳಿಯದ ಸೇತುವೆಯ ಮಾತನ್ನು, ಅದೇ ಊರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ತಿರುಮಲೇಶ ಎರಡು ವರ್ಷದಿಂದ ಶನಿವಾರ ಶನಿವಾರ ಪೆನ್ಸಿಲು ಜೋಡಿಸಿ ತೋರಿಸುತ್ತಿದ್ದ. ಅವಳು ನೋಡುತ್ತಿದ್ದುದು ಪೆನ್ಸಿಲನ್ನಲ್ಲ ಎಂಬುದು ಅವನಿಗೂ ಗೊತ್ತಿತ್ತು.

"ಒಲ್ಲೆ ಅಂತ ಅಪ್ಪಗ ಬರದೀನಿ," ಎಂದು ಲಕೋಟೆ ತೋರಿಸಿದಳು. "ಮಧ್ಯಾಹ್ನದ ಟಪಾಲಿಗೆ ಹಾಕತೀನಿ."

"ನಾನು ಬೇಡ್ವಾ?"

"ಹಂಗಂತ ಯಾರಂದ್ರು? ಇದನ್ನ ಕೇಳ್ರಿ." ಹಳದಿ ಹಾಳೆಯೊಂದನ್ನು ಎಳೆದುಕೊಂಡಳು. "ಸೇತುವಿ ಮುಗೀತು. ಮೊದಲ ಒಂದು ಕತ್ತೀನ ಬಿಟ್ಟು ನೋಡು ಅಂದ್ರಂತ ಸೇನಾಪತಿ. ಹಲಗಿ ಬಿಗದಾಂವ ನಾನು, ಮೊದಲ ಹೆಜ್ಜೀನೂ ನನ್ನದ ಅಂತ ಹೋಲ್ಟ್ಸರ್ ತಾನೇ ನಡದ. ಶಾಸನಸಭಾದಾಗೂ ಅಷ್ಟ, ರಸ್ತಾಕ್ಕ ಜಾಗಾ ಬೇಕಂದಾಗ ಮೊದಲ ತನ್ನ ಹೊಲಾನ ಅಳದು ಕೊಟ್ಟಾಂವ."

ತಿರುಮಲೇಶ ಟೋಪಿಯ ಅಂಚು ತಿರುಗಿಸಿದ. "ಅಂದ್ರೆ ನಮ್ಮ ಮಾವ ಕತ್ತೆ ಅಂತೀರಿ."

"ನಾ ಎಲ್ಲಿ ಅಂದೆ? ಕಾಗದ ಅಂತದ." ತುಟಿಯ ಮೂಲೆಯಲ್ಲಿ ನಗು ಇಣುಕಿ ಹೋಯಿತು.

ಅವನು ಟೋಪಿಯನ್ನು ಮೇಜಿನ ಮೇಲಿಟ್ಟು, ಎದುರಿಗೇ ಕೂತ. ಎರಡು ವರ್ಷದಲ್ಲಿ ಮೊದಲ ಸಲ ಅವನ ಕೈ ಪೆನ್ಸಿಲು ಹುಡುಕಲಿಲ್ಲ.

"ಅನಸೂಯ, ನಂಗೆ ನೀವು ಬೇಕು. ಜಾತಕ ಕೂಡದಿದ್ರೂ ಬೇಕು. ನನ್ನ ಮದ್ವೆ ಆಗ್ತೀರಾ?"

ಅವಳು ಲಕೋಟೆ ಒಡೆದಳು. ಒಲ್ಲೆ ಎಂದಿದ್ದ ಸಾಲು ಹೊಡೆದುಹಾಕಿ, ಕೆಳಗೆ ನಿಧಾನವಾಗಿ ಬರೆದು, ಅವನ ಕಡೆ ತಿರುಗಿಸಿದಳು: "ಅಪ್ಪಾ, ಇವತ್ತು ಅವರೇ ಕೇಳಿದರು. ನಾನು ಹೂಂ ಅಂದೆ."

ಅವನು ಅದನ್ನು ಎರಡು ಸಲ ಓದಿದ. "ಕೊಡಿ, ನಾನೇ ಟಪಾಲಿಗೆ ಹಾಕಿ ಬರ್ತೀನಿ."

"ಮೊದಲ ಹೆಜ್ಜಿ ಆತಲ್ಲ," ಎಂದು ಅವಳು ಕೋಟು ತೊಟ್ಟಳು. "ಇನ್ನ ಕೂಡೇ ದಾಟೋಣ ನಡೀರಿ."