ಮೂರು ಮೂಲೆಗಳ ನಡುವೆ

“ನಡುವೆ ಖಾಲಿ ಬಿಟ್ರಲ್ಲ, ಎಂತಕ್ಕೆ?”

ಕುಮಟೆಯ ಕಾಲೇಜಿನ ಆ ಕೋಣೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ಕೇಳಿದವಳು ವಿನುತಾ. ಮಿರ್ಜಾನದವಳು, ಅಲ್ಲೇ ಗಣಿತ ಕಲಿಸುವವಳು. ಹಲಗೆಯ ಮೇಲೆ ಬರೀ ಗೆರೆಯ ತ್ರಿಕೋನ ಬರೆದು ನಿಂತವನು ಲೋಕೇಶ. ಕಾಸರಕೋಡಿನವನು, ಮುಂಬೈಯಲ್ಲಿ ಸಂಶೋಧನೆ ಮಾಡುತ್ತ ರಜೆಗೆ ಬಂದು ಪಾಠ ಹೇಳುತ್ತಿದ್ದ. ತೊಂಬತ್ತೊಂಬತ್ತರ ಬೇಸಿಗೆ ಅದು.

“ಮೂರು ಮೂಲೆ ಅಂದ್ರೆ ಮೂವರು ಅಂತ ಇಟ್ಕೊಳ್ಳಿ. ಇಬ್ಬಿಬ್ಬರು ಕೂಡ್ತಾರೆ, ಅದಕ್ಕೆ ಗೆರೆ ಉಂಟು. ಮೂವರೂ ಒಟ್ಟಿಗೆ ಕೂಡೂದಿಲ್ಲ, ಅದಕ್ಕೇ ತೂತು. ಮೂಲೆಗೊಂದು ಅಕ್ಷರ ಕೊಡಿ. ಒಟ್ಟಿಗೆ ಕೂಡದ ಅಕ್ಷರಗಳ ಗುಣಲಬ್ಧ ಸೊನ್ನೆ ಅಂತ ಬರೀರಿ. ಅಷ್ಟು ಹೇಳಿದ್ರೆ ಸಾಕು, ತೂತು ಎಲ್ಲುಂಟು ಅಂತ ಬೀಜಗಣಿತವೇ ತೋರಿಸ್ತದೆ.”

“ಗುಣಿಸುವಾಗ ಅಕ್ಷರ ಹಿಂದುಮುಂದಾದ್ರೆ?”

“ಆಗ್ಲಿ! ಇಲ್ಲಿ ಮೊದಲು, ಆಮೇಲೆ ಅಂತಿಲ್ಲ.”

ಅವನು ನಕ್ಕ. ಅವಳ ಮನಸ್ಸು ಅಲ್ಲೇ ಸೋತಿತು...

ರಜೆ ಮುಗಿಯುವ ಮುಂಚೆ ಅವನು ಅಂದದ್ದು ಇಷ್ಟೇ: “ನಿಮ್ಮ ಆಯಿ ಹತ್ರ ಮಾತಾಡ್ತೆ.”

ಸಂಬಂಧದ ಮಾತಿಗೆ ಹುಡುಗಿ ಎದುರು ಕೂರಬಾರದು ಎಂಬುದು ಆ ಮನೆಯ ರಿವಾಜು. ಅವನು ಬಂದ ದಿನ ವಿನುತಾ ಒಳಗೆ ಚಾ ಕಾಯಿಸುತ್ತ ಉಳಿದಳು. ಜಗಲಿಯ ಮಾತು ಅವಳಿಗೆ ಕೇಳಿಸಲಿಲ್ಲ.

ಅವನು ಹೋದ ಮೇಲೆ ತಾಯಿ ಸಣ್ಣಮ್ಮ ಒಳಬಂದಳು. “ನಿನ್ನ ಮನಸ್ಸೆಂತ ಮಗಾ?”

ಹೂಂ ಎನ್ನಲು ಎಂಥ ನಾಚಿಕೆ! “ನೀ ಹೇಳ್ದಾಂಗೆ ಆಯಿ.”

ತಾಯಿ ಚಾದ ಲೋಟ ತೊಳೆಯಲು ಹೊರಟಳು. ಒತ್ತಾಯ ಬೇಡ, ಹುಡುಗನೇ ಮತ್ತೆ ಬಂದು ಇವಳನ್ನೇ ಕೇಳಲಿ ಎಂದುಕೊಂಡಳು. ಆಯಿಗೆ ಇಷ್ಟವಿಲ್ಲವೇನೋ ಎಂದುಕೊಂಡಳು ಮಗಳು. ಅವನು ಬರಲಿಲ್ಲ.

ಬಂದ ಬೇರೆ ಸಂಬಂಧಗಳನ್ನೆಲ್ಲ ವಿನುತಾ ಬೇಡವೆಂದಳು. ವರ್ಷಗಳು ಉರುಳಿದವು. ಸಣ್ಣಮ್ಮ ತೀರಿಕೊಂಡಳು.

ಸುದ್ದಿ ಕೇಳಿ ಲೋಕೇಶ ಬಂದ. ಕೂದಲು ನರೆತಿತ್ತು. ಅವನೂ ಮದುವೆಯಾಗಿರಲಿಲ್ಲ. ಅದೇ ಜಗಲಿ. ಈ ಸಲ ವಿನುತಾ ಎದುರೇ ಕೂತಳು.

“ಒಂದು ಮಾತೂ ಹೇಳದೆ ಹೋದ್ರಲ್ಲ!”

“ಆಯಿ ಹತ್ರ ಕೇಳಿದ್ದೆ ವಿನುತಾ... ‘ನಂದೇನೂ ಅಡ್ಡಿಲ್ಲ ತಮಾ, ಮಗಳಿಗೆ ಮನಸ್ಸಿದ್ರೆ ಅದೇ ನಿಂಗೆ ಹೇಳ್ತದೆ’ ಅಂದ್ರು. ನೀವು ಹೇಳ್ಲೇ ಇಲ್ಲ.”

ಅವಳು ಚಾದ ಲೋಟ ಅವನ ಮುಂದಿಟ್ಟಳು. ಯಾರೂ ಸುಳ್ಳಾಡಿರಲಿಲ್ಲ. ಅವನು ಅವಳಿಗೆ ಕಾದ. ಅವಳು ತಾಯಿಗೆ ಕಾದಳು. ತಾಯಿ ಅವನಿಗೆ ಕಾದಳು. ಮಾತು ಅಂಚಿನಲ್ಲೇ ಸುತ್ತಿ ಸುತ್ತಿ ಸವೆಯಿತು.

“ಯಾರು ಮೊದಲು ಹೇಳ್ಬೇಕಿತ್ತು?” ಅಂದ.

“ಮೊದಲು, ಆಮೇಲೆ ಅಂತಿಲ್ಲ ಅಂದವರು ನೀವೇ ಅಲ್ದಾ? ಮೂವರೂ ಒಮ್ಮೆ ಇಲ್ಲಿ ಒಟ್ಟಿಗೆ ಕೂತಿದ್ರೆ ಸಾಕಿತ್ತು.”

“ಈಗ ಒಂದು ಮೂಲೆ ಅಳಿಸಿಹೋತು. ಉಳಿದದ್ದು ಒಂದು ಗೆರೆ. ತೂತಿಲ್ಲ.”

“ತೂತಿಲ್ಲ,” ಎಂದಳು ಕಹಿಯಾಗಿ. “ಆಯಿಯೂ ಇಲ್ಲ.”

ಅವನು ಕೇಳಿದ: “ನನ್ನ ಮನಸ್ಸು ಹಾಗೇ ಉಂಟು. ಯಾರ ಹತ್ರ ಕೇಳ್ಲಿ?”

ವಿನುತಾ, ತಾಯಿ ಕೂರುತ್ತಿದ್ದ ಮಣೆಯನ್ನು ಎಳೆದು ಇಬ್ಬರ ನಡುವೆ ಇಟ್ಟಳು.

“ಅಲ್ಲೇ ಕೇಳಿ. ಈ ಸಲ ನಾನೂ ಎದುರಿಗೇ ಇರ್ತೆ.”

ಅವನು ಬರಿಯ ಮಣೆಗೆ ತಲೆಬಾಗಿದ. “ಆಯಿ... ವಿನುತಾಳನ್ನ ನಂಗೆ ಕೊಡ್ತ್ರಾ?”

“ಹೂಂ!” ಎಂದಳು ವಿನುತಾ, ಮಣೆಯ ಕಡೆ ನೋಡುತ್ತ, ಮನೆಯೆಲ್ಲ ಕೇಳುವಂತೆ.

“ತಡ ಆತು,” ಅಂದ ಅವನು, ಕಣ್ಣೊರೆಸಿಕೊಂಡು.

“ಆತು. ಚಾ ಆರ್ತದೆ, ಕುಡೀರಿ...”