ರೇವಮ್ಮನಿಗೆ ಬರೆದುಕೊಟ್ಟ ಮದ್ದು

"ಆ ಪರಾತ ಬಿಡ್ರಿ ಅಂದ್ರ ಬಿಡ್ರಿ, ಅತ್ತೀ!"

ಸೊಸೆ ಪುತಳಾಬಾಯಿ ಹಿಟ್ಟು ನಾದುವ ತಟ್ಟೆಯನ್ನು ಎಳೆದ ರಭಸಕ್ಕೆ ಜೋಳದ ಹಿಟ್ಟು ಅಡುಗೆಮನೆಯ ತುಂಬ ಚೆಲ್ಲಿತು. ಹಿಟ್ಟು ಮೆತ್ತಿದ ಎರಡೂ ಕೈ ಮುಂದೆ ಚಾಚಿಕೊಂಡೇ ರೇವಮ್ಮ ಕೂತುಬಿಟ್ಟಳು, ಕದಿಯುವಾಗ ಸಿಕ್ಕಿಬಿದ್ದವಳ ಹಾಗೆ!

"ನಾಕು ರೊಟ್ಟಿ ಬಡೀತೀನಂದೆ ಅಷ್ಟೇ, ಪುತಳಾ..."

"ಬ್ಯಾಡ್ರಿ! ಬಾಜೂ ಮನಿಯವ್ರು ಕಿಡಕ್ಯಾಗ ನಿಂತು ನೋಡ್ತಾರ. ಸೊಸಿ ಮಲಗ್ಯಾಳ, ಮುದುಕಿ ರೊಟ್ಟಿ ಬಡೀಲಾಕತ್ತಾಳ ಅಂತ ಕಮಲಾಪುರದ ತನಕ ಸುದ್ದಿ ಹೋಗ್ತದ. ಸುಮ್ಮ ಕುಂದರ್ರಿ!"

ಸುಮ್ಮನೆ ಕೂಡುವುದು! ಗಂಡ ತೀರಿದ ಮೇಲೆ ಮಗ ಚಂದ್ರಶಾ ಅವಳನ್ನು ಕಮಲಾಪುರದಿಂದ ಶಹರದ ಖೂಬಾ ಪ್ಲಾಟಿನ ಈ ಮನೆಗೆ ಕರೆತಂದ ದಿನದಿಂದ ರೇವಮ್ಮನಿಗೆ ಇದ್ದದ್ದು ಅದೊಂದೇ ಕೆಲಸ. ಚಂದ್ರಶಾ ಕಚೇರಿಯಲ್ಲಿ ಹೆಡ್ ಕ್ಲರ್ಕ್. ತಾಯಿಗೆ ಬೇರೆ ಕೋಣೆ, ಫ್ಯಾನು, ಮೆತ್ತನೆಯ ಗಾದಿ, ಕೂತಲ್ಲೇ ಚಹಾ. ಹೊತ್ತುಹೊತ್ತಿಗೆ ಎಲ್ಲ ಕೊಟ್ಟರು; ಎರಡು ಮಾತಾಡುವ ಒಂದು ಜೀವವನ್ನು ಮಾತ್ರ ಕೊಡಲಿಲ್ಲ. ಊರಲ್ಲಿ ಸುಗ್ಗಿ ಮುಗಿದು, ಮಠದ ದಾಸೋಹಕ್ಕೆ ಖಡಕ್ ರೊಟ್ಟಿ ಬಡಿಯುವ ಕಾಲ ಬಂತೆಂದರೆ ಓಣಿಯ ಹೆಂಗಸರೆಲ್ಲ ಅವಳ ಅಂಗಳದಲ್ಲೇ ಒಲೆ ಹೂಡುತ್ತಿದ್ದರು... ರೇವಮ್ಮನ ರೊಟ್ಟಿ ಹಪ್ಪಳದಷ್ಟು ತೆಳು! ಅಂಥ ಕೈಗಳನ್ನು ಕಟ್ಟಿಹಾಕಿ, ಅದಕ್ಕೆ ಮರ್ಯಾದೆ ಎಂದು ಹೆಸರಿಟ್ಟರು. ಮರ್ಯಾದೆಯಂತೆ ಮರ್ಯಾದೆ! ಬದುಕಿರುವವಳನ್ನು ಫೋಟೋ ಮಾಡಿ ಗೋಡೆಗೆ ತೂಗುಹಾಕಿ, ಹಾರವೊಂದನ್ನು ಬಾಕಿ ಉಳಿಸಿದ್ದರು, ಅಷ್ಟೇ.

ಅವಳಿಗೆ ಅನ್ನ ಸೇರದಾಯಿತು. ಎದೆ ಭಾರ, ನಿದ್ದೆ ಇಲ್ಲ. ಗುಳಿಗೆಗಳು ಹೆಚ್ಚಿದವು, ರೇವಮ್ಮ ಕರಗಿದಳು. ಕೊನೆಗೆ ಚಂದ್ರಶಾ ಗಾಜಿಪುರದ ಡಾಕ್ಟರ್ ಮುನೀರಾ ಅವರ ಬಳಿ ಕರೆದೊಯ್ದ. ಡಾಕ್ಟರಮ್ಮ ಎದೆ ನೋಡಿದಳು, ನಾಡಿ ನೋಡಿದಳು. ಆಮೇಲೆ ಆ ಒರಟು ಅಂಗೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ದಿನಾ ಯಾರ ಸಂಗಾಟ ಮಾತಾಡ್ತೀ, ಆಯಿ?"

"ಗೋಡಿ ಸಂಗಾಟ."

"ಗೋಡಿ ಏನಂತದ?"

"ಅದೂ ಬ್ಯಾಸತ್ತದವ್ವಾ."

ಡಾಕ್ಟರಮ್ಮ ನಗಲಿಲ್ಲ. ಚೀಟಿಯ ಮೇಲೆ ಬರೆಯುತ್ತಾ ಗಟ್ಟಿಯಾಗಿ ಓದಿದಳು: "ಮಂಗಳವಾರ, ಶುಕ್ರವಾರ. ನಮ್ಮ ಹಿಂದಿನ ಗಲ್ಲಿ ಭೀಮಬಾಯಿ ಅಂಗಳ. ಹೆಣ್ಮಕ್ಕಳ ಸಂಗಾಟ ರೊಟ್ಟಿ ಬಡೀಬೇಕು, ಬಾಯ್ತುಂಬ ಮಾತಾಡಬೇಕು."

"ಗುಳಗಿ ಎಲ್ಲಿ ಡಾಕ್ಟ್ರೇ?" ಎಂದ ಚಂದ್ರಶಾ.

"ಇದೇ ಗುಳಗಿ. ಉಳದದ್ದು ನುಂಗಿ ನುಂಗಿ ಆಯಿ ಹೊಟ್ಟಿ ಔಷಧ ದುಕಾನ ಆಗ್ಯಾದ."

ಮೆಟ್ಟಿಲಿಳಿಯುತ್ತಲೇ ಅವನು ಚೀಟಿ ಹರಿದೆಸೆದ. "ಹೆಡ್ ಕ್ಲರ್ಕ್ ತಾಯಿ ಮಂದಿ ಅಂಗಳದಾಗ ರೊಟ್ಟಿ ಬಡೀಬೇಕಾ? ಅವ್ವಗ ಕೂಳು ಹಾಕಲಾರದಷ್ಟು ಗತಿಗೆಟ್ಟೀನೇನು ನಾ!"

ಚೀಟಿ ಹರಿಯಬಹುದು... ಕಿವಿಗೆ ಬಿದ್ದ ಮಾತನ್ನು ಹರಿಯುವುದು ಹೇಗೆ? ಶುಕ್ರವಾರ ಮಧ್ಯಾಹ್ನ ಸೊಸೆಗೆ ಜೊಂಪು ಹತ್ತಿದಾಗ ರೇವಮ್ಮ ಗೇಟಿನ ಚಿಲಕ ತೆಗೆದಳು. ಜಗತ್ ಸರ್ಕಲ್ಲಿನಲ್ಲಿ ಬಸ್ಸು, ರಿಕ್ಷಾ, ಸೈಕಲ್ಲುಗಳ ನಡುವೆ ಅವಳು ಗಾಜಿಪುರದ ಹಾದಿ ಕೇಳಿದಳು. ರಿಕ್ಷಾದವನೊಬ್ಬ, "ಗಾಜಿಪುರಕ್ಕಾ? ಕೂಡು ಆಯಿ, ಬಿಡ್ತೀನಿ," ಎಂದ. "ಹಾದಿ ತೋರಸಪ್ಪಾ ಸಾಕು. ಕೂತು ಕೂತೇ ಸಾಯಲಾಕತ್ತೀನಿ!" ಎನ್ನುತ್ತ ಅವಳು ನಡೆದೇಬಿಟ್ಟಳು.

ಸಂಜೆ ಚಂದ್ರಶಾ ಬೆಂಕಿಯಾಗಿ ಗಾಜಿಪುರಕ್ಕೆ ಓಡಿಬಂದ. ಗಲ್ಲಿಯ ಬಾಯಲ್ಲೇ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಅದರ ಮೇಲೆ ಯಾವುದೋ ಹೆಂಗಸಿನ ನಗು. ಹೊಟ್ಟೆಯಿಂದ ಎದ್ದುಬರುತ್ತಿದ್ದ ದೊಡ್ಡ ನಗು! ಯಾರಿವಳು, ಇಷ್ಟು ಸುಖಿ? ಎಂದುಕೊಂಡು ಒಳಗೆ ಕಾಲಿಟ್ಟರೆ... ಒಲೆಯ ಮುಂದೆ, ಮೊಣಕೈವರೆಗೆ ಹಿಟ್ಟಾಗಿ, ನಗುತ್ತ ಕೂತವಳು ಅವನ ತಾಯಿ!

"ಯವ್ವಾ! ಏಳು, ಮನಿಗಿ ನಡಿ!"

"ಯಾರವಾ ಈ ಫೌಜದಾರ?" ಎಂದಳು ಭೀಮಬಾಯಿ.

"ನನ್ನ ಮಗ."

"ಮಂದಿ ಏನಂತಾರ ಗೊತ್ತದನು ನಿನಗ?" ಚಂದ್ರಶಾ ಕೂಗಿದ.

"ಯಾವ ಮಂದಿ, ಚಂದ್ರೂ?" ರೇವಮ್ಮ ಎದ್ದು ನಿಂತಳು. "ಖೂಬಾ ಪ್ಲಾಟಿನಾಗ ನಾ ಒಬ್ಬ ಮಂದೀನೂ ಕಂಡಿಲ್ಲ! ನಿನ್ನ ಮನ್ಯಾಗ 'ಅವ್ರ ಊಟ ಆಯ್ತಾ' ಅಂತೀರಿ... ಇಲ್ಲಿ 'ರೇವಮ್ಮಾ' ಅಂತ ಕರದ್ರು. ನನಗೊಂದು ಹೆಸರದ ಅಂತ ಇವತ್ತ ನೆನಪಾಯ್ತು! ಜ್ವಾಪಾನ ಮಾಡೀರಿ, ಖರೆ. ಉಪ್ಪಿನಕಾಯಿ ಭರಣೀನೂ ಜ್ವಾಪಾನ ಮಾಡ್ತಾರಪ್ಪಾ! ಮಂಗಳವಾರ ಮತ್ತ ಬರಲಾಕ ಬಿಡ್ತೀಯೋ ಇಲ್ಲೋ ಹೇಳು. ಇಲ್ಲಂದ್ರ ಇದೇ ಅಂಗಳದಾಗ ಬೀಳ್ತೀನಿ, ಮನಿಗಿ ಬರಂಗಿಲ್ಲ!"

ಚಂದ್ರಶಾ ಚಪ್ಪಲಿ ಬಿಟ್ಟು ಒಲೆಯ ಹತ್ತಿರ ಬಂದ.

"ಯವ್ವಾ... ನಿನ್ನ ನಗೀನೇ ನನಗ ಗುರ್ತ ಹತ್ತಲಿಲ್ಲಲ್ಲಾ ಯವ್ವಾ!" ಎಂದವನೇ ಮಣ್ಣಿನಲ್ಲೇ ಕುಸಿದು, ಕೂಸಿನ ಹಾಗೆ ಅತ್ತ.

ರೇವಮ್ಮ ಹಿಟ್ಟಿನ ಕೈಯಿಂದಲೇ ಅವನ ತಲೆ ಸವರಿದಳು. "ಸಾಕೋ. ಯಾರರ ಕೇಳಿದ್ರ ಒಲಿ ಹೊಗಿ ಅನ್ನು."

ಮಂಗಳವಾರ ಅವನೇ ಕರೆತಂದು ಬಿಟ್ಟ. ಮುಂದಿನ ಶುಕ್ರವಾರ ಪುತಳಾಬಾಯಿ ಭೀಮಬಾಯಿಯ ಅಂಗಳದ ಬಾಗಿಲಲ್ಲಿ ಬಂದು ನಿಂತಳು. ಗಂಟುಮುಖ, ಕಣ್ಣಲ್ಲಿ ನೀರು. "ಅತ್ತೀ... ನನಗ ತೆಳ್ಳನ ರೊಟ್ಟಿ ಬರಲ್ರೀ. ನಡುವ ಹರೀತದ. ನೀವು ಬಡದ್ರ ಮಂದಿ ಎಲ್ಲಿ ನನಗ ನಗತಾರೋ ಅಂತ..." ರೇವಮ್ಮ ಸರಿದು ತನ್ನ ಪಕ್ಕದಲ್ಲಿ ಜಾಗ ಮಾಡಿದಳು. "ಹರಿದದ್ದು ನಾವೇ ತಿನ್ನೋಣಂತ. ಬಾ, ಹಿಟ್ಟು ನಾದು."

ಆ ವರ್ಷ ಕಮಲಾಪುರದ ಮಠದ ದಾಸೋಹಕ್ಕೆ ಗಾಜಿಪುರದಿಂದ ಒಂದು ಟೆಂಪೋ ತುಂಬ ರೊಟ್ಟಿ ಹೊರಟಿತು! ಊರ ಬಾಯಲ್ಲಿ ಹಲಗೆ ಬಾರಿಸುವವರು ಕಾದಿದ್ದರು. ಹೆಂಗಸರು ಬುಟ್ಟಿಗಳನ್ನು ತಲೆಗೇರಿಸಿದರು. ಎಲ್ಲರಿಗಿಂತ ಮುಂದೆ ರೇವಮ್ಮ, ಬೆನ್ನು ನೆಟ್ಟಗೆ ಮಾಡಿಕೊಂಡು, ಮನೆಮನೆಯ ಬಾಗಿಲಿಗೂ ಕೈ ಬೀಸುತ್ತ! ಕಟ್ಟೆಯ ಮೇಲಿಂದ ಹಳೆಯ ನೆರೆಯವಳು ಕೊಂಕು ತೆಗೆದಳು: "ಏನ ಪುತಳಾಬಾಯಿ, ಈ ವಯಸ್ಸಿನಾಗ ಅತ್ತಿ ಕೈಲೆ ರೊಟ್ಟಿ ಬಡಸ್ದಿ?"

"ಬಡಸಿಲ್ರೀ, ಅವ್ರ ಕೈಯಾಗ ಕಲ್ತೀನಿ. ನಿಮ್ಮ ಅತ್ತೀನೂ ಕೋಣ್ಯಾಗ ಕೂತಾರಲ್ಲ? ಹೊರಗ ಕಳಸ್ರಿ!"

ನೆರೆಯವಳ ಹಿಂದೆ ಬಾಗಿಲು ಕಿರ್ರೆಂದಿತು. ಮುದುಕಿಯೊಬ್ಬಳು ಸೆರಗು ಸರಿಮಾಡಿಕೊಳ್ಳುತ್ತ ಹೊಸ್ತಿಲು ದಾಟಿ ಬಂದು ಸಾಲಿಗೆ ಸೇರಿಕೊಂಡಳು.

ಇಸ್ತ್ರಿ ಮಾಡಿದ ಅಂಗಿಯ ಹೆಡ್ ಕ್ಲರ್ಕ್ ಚಂದ್ರಶಾ, ತಾನು ಹುಟ್ಟಿ ಬೆಳೆದ ಓಣಿಯ ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ಬರುತ್ತಿದ್ದ. ರೇವಮ್ಮ ತಿರುಗಿ ನೋಡಿ ಇಡೀ ಓಣಿಗೆ ಕೇಳುವ ಹಾಗೆ ಗದರಿದಳು:

"ಕಣ್ಣೀರ ಆಮ್ಯಾಲ ಒರಸ್ಕೋ, ಚಂದ್ರೂ! ಎರಡೂ ಕೈಲೆ ಬುಟ್ಟಿ ಹಿಡಿ!"