ಗುಂಡ್ಲುಪೇಟೆಯ ಕಟಿಂಗ್

ಚಾಮರಾಜನಗರ ಇನ್ನೂ ಮೈಸೂರು ಜಿಲ್ಲೆಗೆ ಸೇರಿದ್ದ ಕಾಲದ ಕಥೆ ಇದು. ಕೆಲವರು ಇದನ್ನು ಮದುವೆಯಿಂದ ಹಿಂದಕ್ಕೆ ಹೇಳುತ್ತಾರೆ. ಭಾನುವಿನ ಅಜ್ಜಿ ಸಣ್ಣಮ್ಮ ಮಾತ್ರ ಅಲ್ಲಿನ ಬಸ್ ನಿಲ್ದಾಣದಿಂದಲೇ ಆರಂಭಿಸುತ್ತಿದ್ದಳು. ಇಲ್ಲಿ ಅವಳ ಕ್ರಮವನ್ನೇ ಉಳಿಸಿಕೊಂಡಿದೆ.

ಆ ಸಂಜೆ ಗುಂಡ್ಲುಪೇಟೆಯ ಬಸ್ಸಿನಿಂದ ಇಳಿದ ಮಾದೇಶನ ಬೆನ್ನಷ್ಟೇ ಭಾನುವಿಗೆ ಕಂಡಿತು. ಅಷ್ಟು ಸಾಕಾಯಿತು.

ಕುತ್ತಿಗೆಯ ಮೇಲಿನ ಕೂದಲ ಅಂಚು ಎಡಕ್ಕೆ ಇಳಿದಿತ್ತು. ಕಿವಿಯ ಹಿಂದೆ ಒಂದು ಕುಚ್ಚು ಹಾಗೆಯೇ ಉಳಿದಿತ್ತು. ಅದು ಅವಳ ಅಪ್ಪನ ಕೈಕೆಲಸವಲ್ಲ.

‘ಬೇರೆಯವರ ಕತ್ತರಿ...’

“ಒಸಿ ನಿಂತ್ಕಳಿ,” ಎಂದಳು. ಅವನೊಡನೆ ಅವಳು ಮುಖಾಮುಖಿ ಆಡಿದ ಮೊದಲ ಮಾತು ಅದು.

ಅವನು ತಿರುಗಿದ. ಅವಳನ್ನು ಕಂಡೊಡನೆ ಅವನ ಕೈ ತಲೆಯ ಹಿಂಭಾಗವನ್ನು ಮುಚ್ಚಿಕೊಂಡಿತು.

“ಎಲ್ಲಿ ಮಾಡಿಸ್ದ್ರಿ?”

“ಗುಂಡ್ಲುಪೇಟೇಲಿ... ಏನೋ ಕೆಲ್ಸ ಇತ್ತು. ಅಂಗೇ...”

“ಕಾಸು ಕೊಟ್ಟು ಮಾಡಿಸ್ಕಂಡ್ರಾ ಇದ್ನ?”

ಅವನು ನಗಲಿಲ್ಲ. ತಲೆ ತಗ್ಗಿಸಿ ಹೊರಟುಹೋದ.

ಭಾನುವಿನ ತಂದೆ ಪುಟ್ಟಮಾದುವಿನ ಕಟಿಂಗ್ ಶಾಪ್ ಆ ನಿಲ್ದಾಣದ ಮಗ್ಗುಲಲ್ಲೇ ಇತ್ತು. ಅಂಗಡಿಯ ಅರ್ಧ ಭಾಗಕ್ಕೆ ಪರದೆ ಕಟ್ಟಿ, ಮೈಸೂರಿನಲ್ಲಿ ಕೆಲಸ ಕಲಿತು ಬಂದ ಭಾನು ಹೆಂಗಸರಿಗಾಗಿ ಬ್ಯೂಟಿ ಪಾರ್ಲರ್ ತೆರೆದಿದ್ದಳು. ಮಾದೇಶ ಪುಣಜನೂರಿನವನು, ಅವರ ಪೈಕಿಯವನೇ. ಆದರೆ ಕತ್ತರಿ ಹಿಡಿಯದೆ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ನೌಕರಿಗೆ ಸೇರಿದ್ದ. ಪಟ್ಟಣಕ್ಕೆ ಬಂದಂದಿನಿಂದ ಅವನ ತಲೆಯನ್ನು ಪುಟ್ಟಮಾದುವಲ್ಲದೆ ಯಾರೂ ಮುಟ್ಟಿರಲಿಲ್ಲ.

ಪರದೆಯಾಚೆ ಕತ್ತರಿಯ ಸದ್ದು ನಿಧಾನವಾದರೆ ಮಾದೇಶ ಬಂದಿದ್ದಾನೆಂದು ಭಾನುವಿಗೆ ತಿಳಿಯುತ್ತಿತ್ತು. ಅಪ್ಪ ಅವನ ತಲೆಯನ್ನು ಅವಸರದಲ್ಲಿ ಮುಗಿಸುತ್ತಿರಲಿಲ್ಲ. ಅವನ ಮಾತು, ಅವನ ಕೆಮ್ಮು, ಏಳುವಾಗ “ಬತ್ತೀನಿ ಪುಟ್ಟಮಾದಣ್ಣ” ಎನ್ನುವ ದನಿ... ಅವಳ ಪಾಲಿಗೆ ದಕ್ಕಿದ್ದು ಅಷ್ಟೇ. ಅದೇ ಸಾಕೆಂಬಂತೆ ಅವಳು ದಿನ ಕಳೆದಿದ್ದಳು.

ಈಗ ಅದೂ ನಿಂತಿತು. ಅಂಗಡಿ ಹತ್ತಿರ ಬಂದೊಡನೆ ಮಾದೇಶ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗತೊಡಗಿದ.

‘ಸಂಬಳದ ನೌಕರ. ನಮ್ಮ ಮುರುಕು ಕುರ್ಚಿ ಅವರಿಗೆ ಸೇರಲಿಲ್ಲವೇನೋ...’

ಪುಟ್ಟಮಾದು ಬೇರೆಯದನ್ನೇ ಯೋಚಿಸಿದ. ಒಂದು ಮಧ್ಯಾಹ್ನ ಮಗಳ ಮುಂದೆ ಬಲಗೈ ಚಾಚಿದ.

“ನಡುಗ್ತಾ ಅದಾ ನೋಡು ಕಣಮ್ಮಿ.”

“ಇಲ್ಲ ಕಣಪ್ಪ.”

“ಮಾದೇಶಂಗೆ ಗೊತ್ತಾಗ್ಬುಟ್ಟದೆ. ಮುಖಕ್ಕೆ ಹೇಳಕಾಗ್ದೆ ದೂರ ಓಯ್ತಾವ್ನೆ, ಅಷ್ಟೆ. ಕತ್ತಿ ಹಿಡಿಯೋ ಕೈ ಅಲ್ವಾ? ಯಾರ್ದಾದ್ರೂ ಕೆನ್ನೆ ಕುಯ್ಯೋಕೆ ಮುಂಚೆ ಬುಟ್ಬುಡದೇ ವಾಸಿ.”

ಅಂದಿನಿಂದ ಅವನು ಗಿರಾಕಿಗಳ ಗಡ್ಡ ಮಾಡುವುದನ್ನು ಬಿಟ್ಟ. ಯುಗಾದಿ ಕಳೆದರೆ ಅಂಗಡಿಯನ್ನೇ ಯಾರಿಗಾದರೂ ವಹಿಸುವುದಾಗಿ ಹೇಳಿದ.

ಭಾನುವಿಗೆ ಸಿಟ್ಟು ಬಂದಿತು. ಅದರಡಿಯಲ್ಲಿ ಇದ್ದುದು ನೋವು. ಮಾದೇಶ ತನ್ನವನಾಗದಿದ್ದರೆ ಹೋಗಲಿ. ಅಪ್ಪನ ಕೈಯ ನಂಬಿಕೆಯನ್ನು ಕಿತ್ತುಕೊಂಡು ಹೋಗುವುದೆಂದರೆ?

ಪಾರ್ಲರಿಗೆ ಸಾಮಾನು ತರುವ ನೆಪದಲ್ಲಿ ಅವಳು ಗುಂಡ್ಲುಪೇಟೆಯ ಬಸ್ಸು ಹತ್ತಿದಳು. ಸಲೂನ್ ಹುಡುಕುವುದು ಕಷ್ಟವಾಗಲಿಲ್ಲ. ನಿಲ್ದಾಣದ ಎದುರಿನ ಅಂಗಡಿಯಿಂದ ಹೊರಬಂದ ಒಬ್ಬನ ಕುತ್ತಿಗೆಯ ಅಂಚು ಎಡಕ್ಕೇ ಇಳಿದಿತ್ತು.

ಅಂಗಡಿಯವನು ವಯನಾಡಿನ ಕಡೆಯಿಂದ ಬಂದ ವೇಲಾಯುಧನ್. ಅವಳು ಮಾದೇಶನ ಗುರುತು ಹೇಳಿದಳು.

“ಅವರಾ ಮೋಳೆ?” ಮಗಳೇ ಎಂಬುದನ್ನು ಅವನು ತನ್ನ ಮಲಯಾಳದಲ್ಲೇ ಹೇಳಿದ. “ಕುಳಿತ ಕೂಡಲೆ ‘ಬೇಗ ಮುಗ್ಸಿ’ ಅಂತಾರೆ. ಕನ್ನಡಿ ಕೂಡ ನೋಡೋದಿಲ್ಲ. ನಿಮ್ಮ ಊರಲ್ಲಿ ಕಟಿಂಗ್ ಶಾಪ್ ಇಲ್ವಾ ಅಂತ ನಾನೇ ಕೇಳಿದೆ.”

“ಏನಂದ್ರು?”

“ಇದೆ, ಅಂಥಾ ಕೈ ಎಲ್ಲೂ ಇಲ್ಲ ಅಂದ್ರು. ಆದ್ರೆ ಇನ್ನು ಆ ಕುರ್ಚಿಯಲ್ಲಿ ಕೂರೋ ಹಾಗಿಲ್ಲ ಅಂದ್ರು.”

ಹಿಂದಿರುಗುವ ಬಸ್ಸಿನಲ್ಲಿ ಭಾನು ಆ ಮಾತನ್ನು ಎಷ್ಟು ತಿರುಗಿಸಿ ನೋಡಿದರೂ ಅರ್ಥವಾಗಲಿಲ್ಲ. ಕೈ ಚೆನ್ನಾಗಿದೆ. ಕೂರುವ ಹಾಗಿಲ್ಲ. ಯಾಕೆ...?

ಮನೆಗೆ ಬಂದು ಅಜ್ಜಿಗೆ ಹೇಳಿದಳು. ಎಲೆಗೆ ಸುಣ್ಣ ಸವರುತ್ತಿದ್ದ ಸಣ್ಣಮ್ಮನ ಬೆರಳು ನಿಂತಿತು.

“ಕೂರಂಗಿಲ್ಲ ಅಂದ್ನಾ? ಅಂಗೇ ಅಂದ್ನಾ?”

“ಊಂ ಕಣಜ್ಜಿ.”

ಅಜ್ಜಿ ಮೈಕುಲುಕಿ ನಕ್ಕಳು.

“ನಮ್ಮ ಪುಣಜನೂರು ಪೈಕೀಲಿ ಮಾವ ಆಗೋನು ಅಳಿಯನ ತಲೆಗೆ ಕತ್ತಿ ಕತ್ತರಿ ಮುಟ್ಸಂಗಿಲ್ಲ ಕಣಮ್ಮಿ. ಹೆಣ್ಣನ್ನ ಮನ್ಸಲ್ಲಿ ಇಟ್ಕಂಡ ದಿವ್ಸವೇ ಆ ಕುರ್ಚಿ ಬುಡ್ಬೇಕು. ನಿಮ್ಮ ತಾತ ನಮ್ಮಪ್ಪನ್ನ ಬುಟ್ಟು ಕಾಡು ದಾಟಿ ಸತ್ಯಮಂಗಲಕ್ಕೆ ಓಯ್ತಿದ್ದ. ಅಲ್ಲೀವನೂ ಅಷ್ಟೆ, ಇಲಿ ಕೆರ್ದಂಗೆ ಕೆರ್ದು ಕಳಿಸೋನು. ನಿಮ್ಮಪ್ಪ ಪ್ಯಾಟೇಲಿ ಬೆಳ್ದೋನು, ಇದೆಲ್ಲ ಎಲ್ಲಿ ನೆಪ್ಪಿರ್ತದೆ?”

“ಅದ್ನ ಬಾಯ್ಬುಟ್ಟು ಹೇಳ್ಬಾರ್ದಾ ಅವ್ರು?”

“ಹಿರೀಕರು ಬಂದು ಕೇಳೋಗಂಟ ಗಂಡು ಬಾಯಿ ಬುಡಂಗಿಲ್ಲ. ಅವ್ರ ದೊಡ್ಡಪ್ಪ ಹುಚ್ಚಯ್ಯ ಕಾಲು ಮುರ್ಕಂಡು ಮಲಗವ್ನಂತೆ. ಅದ್ಕೇ ತಡ.”

ಭಾನು ಗೋಡೆಗೆ ಒರಗಿ ಕುಳಿತಳು. ಆ ಸೊಟ್ಟ ಅಂಚು, ಆ ಕುಚ್ಚು... ಅಷ್ಟು ದೂರ ಹೋಗಿ ಅವನು ಕೆಡಿಸಿಕೊಂಡು ಬಂದ ಆ ತಲೆ ತನಗಾಗಿ.

ಮರುದಿನ ಮಾದೇಶ ಎಂದಿನಂತೆ ರಸ್ತೆ ದಾಟುತ್ತಿದ್ದಾಗ ಅವಳು ಅಡ್ಡ ನಿಂತಳು.

“ಆ ಕಡೆ ಯಾಕೆ? ಈ ಕಡೆ ಬನ್ನಿ.”

“ಬರಂಗಿಲ್ಲ ಭಾನು.”

“ಅಜ್ಜಿ ಎಲ್ಲಾನೂ ಹೇಳ್ತು.”

ಅವನ ಕಿವಿ ಕೆಂಪಾಯಿತು. ಅವಳು ದನಿ ತಗ್ಗಿಸಿದಳು.

“ಅಪ್ಪ ತನ್ನ ಕೈ ಕೆಟ್ಟೋಯ್ತು ಅಂದ್ಕಂಡವ್ರೆ. ಕತ್ತಿ ಬುಟ್ಟವ್ರೆ. ಯುಗಾದಿಗೆ ಅಂಗಡೀನೂ ಬುಡ್ತಾರಂತೆ.”

“ನಾನು ಮರ್ವಾದೆ ಅಂತ ಸುಮ್ಕಿದ್ದೆ...” ಎಂದವನು ಮಾತು ಮುಗಿಸದೆ ನೇರವಾಗಿ ಅಂಗಡಿಯ ಬಾಗಿಲಿಗೆ ನಡೆದ.

ಅಲ್ಲಿ ಅವನು ಆಡಿದ ಮಾತನ್ನು ಮದುವೆಯ ದಿನದ್ದೆಂದು ಹೇಳುವವರಿದ್ದಾರೆ. ಆದರೆ ಗಡ್ಡ ಮಾಡುವುದಿಲ್ಲವೆಂಬ ಉತ್ತರ ಕೇಳಿ ಆಗಷ್ಟೇ ಕುರ್ಚಿಯಿಂದ ಮೇಲೆದ್ದಿದ್ದ ಚಂದಕವಾಡಿಯ ಗಂಗಾಧರಸ್ವಾಮಿ, ಅದನ್ನು ಅಂದೇ ತಮ್ಮ ಕಿವಿಯಾರೆ ಕೇಳಿದೆನೆನ್ನುತ್ತಾರೆ.

“ನಿಮ್ಮ ಕೈಗೆ ಏನೂ ಆಗಿಲ್ಲ, ಮಾವ.”

ಅದುವರೆಗೆ ಪುಟ್ಟಮಾದಣ್ಣನಾಗಿದ್ದವನು ಬಾಚಣಿಗೆಯನ್ನು ಕೆಳಗಿಟ್ಟ. ಎಂದೋ ಕೇಳಿ ಮರೆತಿದ್ದ ಊರ ಕಟ್ಟಳೆ ಆ ಒಂದು ಮಾತಿನಿಂದ ಅವನಿಗೆ ನೆನಪಾಯಿತು. ಮರುಕ್ಷಣ,

“ತಿರುಗ್ಲಾ,” ಎಂದ.

ಮಾದೇಶ ತಿರುಗಿದ.

“ಥೂ... ಈ ತಲೆ ಇಟ್ಕಂಡು ನನ್ನ ಮಗಳ್ನ ಕೇಳಕೆ ಬಂದೀಯಾ?”

“ದೊಡ್ಡಪ್ಪನ ಕಾಲು ವಾಸಿಯಾಗ್ಲಿ ಅಂತ...”

“ಅವನ ಕಾಲು ವಾಸಿಯಾಯ್ತದೆ ಬುಡು. ಇದು ವಾಸಿಯಾಗ್ಬೇಕಲ್ಲ? ನಾ ಮುಟ್ಟಂಗೂ ಇಲ್ಲ.” ಪುಟ್ಟಮಾದು ಕಣ್ಣೊರೆಸಿಕೊಂಡು ಗಿರಾಕಿಯ ಕಡೆ ತಿರುಗಿದ. “ಕೂತ್ಕಳಿ ಸ್ವಾಮಿ. ಗಡ್ಡ ಮಾಡನ.”

ತೊಗಲಿನ ಪಟ್ಟಿಯ ಮೇಲೆ ಕತ್ತಿ ಸರಿದಾಡುವ ಸದ್ದು ಬಹುದಿನಗಳ ಮೇಲೆ ಆ ಅಂಗಡಿಯಲ್ಲಿ ಕೇಳಿಸಿತು.

ಭಾನು ಪರದೆ ಸರಿಸಿ ನಿಂತಿದ್ದಳು.

“ಅಡ್ಡಿ ಇರೋದು ಮಾವನ ಕತ್ತಿಗೆ ತಾನೆ? ಮಗಳ ಕತ್ತರಿಗೆ ಇಲ್ವಲ್ಲ?”

“ಅದ್ಕೇನೂ ಇಲ್ಲ ಕಣಮ್ಮಿ,” ಎನ್ನುತ್ತ ಸಣ್ಣಮ್ಮ ಎಲೆಯಡಿಕೆ ಚೀಲದೊಡನೆ ಬಂದು ಹೊಸ್ತಿಲ ಮೇಲೆ ಕುಳಿತಳು. “ನಿಮ್ಮಿಬ್ರನ್ನ ಕಾಯಕೆ ನಾನಿವ್ನಿ.”

ಮಾದೇಶ ಪರದೆ ದಾಟಿ ಕುಳಿತ. ಭಾನು ಅವನ ಕೊರಳಿಗೆ ಬಿಳಿಯ ಬಟ್ಟೆ ಸುತ್ತಿ, ಕಿವಿಯ ಹಿಂದಿನ ಆ ಕುಚ್ಚನ್ನು ಬೆರಳುಗಳ ನಡುವೆ ಹಿಡಿದಳು. ಕತ್ತರಿಯ ಸದ್ದು ನಿಧಾನವಾಗಿ ಏಳತೊಡಗಿತು. ಈ ಬಾರಿ ಪರದೆಯಾಚೆ ಕಿವಿಗೊಟ್ಟವನು ಪುಟ್ಟಮಾದು.

“ತಲೆ ಬಗ್ಸಿ,” ಎಂದಳು.

ಅವನು ಬಗ್ಗಿಸಿದ. ಕನ್ನಡಿಯಲ್ಲಿ ಮಾತ್ರ ಕಣ್ಣೆತ್ತಿ ಅವಳನ್ನು ನೋಡಿದ.

“ಭಾನು.”

“ಏನು?”

“ಬೇಗ ಮುಗಿಸ್ಬೇಡ.”